ನಮ್ಮ ಸೀಮೆ, ನಮ್ಮ ಹೆಸರು: ಒಂದು ಚಾರಿತ್ರಿಕ ನೋಟ



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಬರೆಯಲೇಬೇಕು ಎಂದು ಅಧ್ಯಕ್ಷರೂ ಕಾರ್ಯದರ್ಶಿಗಳೂ ಒತ್ತಾಯ ಮಾಡಿದಾಗ ನಾವು ಹಿಂದೆ ಮುಂದೆ ನೋಡಿದ್ದುಂಟು. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಆಮೇಲೆ ಕೈಗೆ ಬಂದದ್ದು ನೇಗಿಲು, ಕುಡುಗೋಲು, ಹಾಲಿನ ಕ್ಯಾನು. ನಿರ್ದೇಶಕರಾಗಿ ಸಭೆಯ ನಡಾವಳಿಗೆ ರುಜು ಹಾಕುವುದು ಬೇರೆ, ಚರಿತ್ರೆ ಬರೆಯುವುದು ಬೇರೆ. ಸಂಘದ ಬೆಳವಣಿಗೆ, ಲಾಭ ನಷ್ಟ, ಬೋನಸ್ಸಿನ ವಿಚಾರವನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಆದ್ದರಿಂದ ನಾವು ನಮ್ಮ ಸೋಲೂರು ಮಾಗಡಿ ಸೀಮೆಯ ಹೆಸರುಗಳ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತೆವು. ಬೆಟ್ಟದ ಹೆಸರು, ಊರಿನ ಹೆಸರು, ಹೊಲದ ಹೆಸರು. ಇದೇನು ದೊಡ್ಡ ವಿಷಯ ಅನ್ನಬೇಡಿ. ಇದನ್ನು ಬರೆಯುವುದಕ್ಕೆ ನಮಗೆ ಒಂದು ಕಾರಣ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆರೆ ಏರಿಯ ಕಲ್ಲು

ನಮ್ಮ ಮನೆತನಕ್ಕೆ ಕೆರೆಯ ಕೆಳಗೆ ಒಂದು ಎಕರೆ ಮೂವತ್ತು ಗುಂಟೆ ಹೊಲ ಇತ್ತು. ತಾತನ ಕಾಲದಿಂದಲೂ ಅದಕ್ಕೆ 'ಕೊಡಗಿ ಹೊಲ' ಅಂತಲೇ ಹೆಸರು. ಯಾಕೆ ಆ ಹೆಸರು ಅಂತ ನಾವೂ ಕೇಳಲಿಲ್ಲ, ನಮ್ಮ ತಂದೆಯವರೂ ಹೇಳಲಿಲ್ಲ. ಸುಮಾರು ಹನ್ನೆರಡು ವರ್ಷದ ಹಿಂದೆ ಎರಡು ಬೋರ್‌ವೆಲ್ ಫೇಲಾಗಿ, ತಂಗಿಯ ಮದುವೆಯ ಸಾಲವೂ ಸೇರಿಕೊಂಡು, ಆ ಹೊಲವನ್ನು ಮಾರಿದೆವು. ಕೊಂಡವರು ಮಣ್ಣು ಸಮ ಮಾಡಿ, ಸೈಟು ಮಾಡಿ, ಮುಂದೆ ಒಂದು ಕಮಾನು ಕಟ್ಟಿಸಿ, ಅದರ ಮೇಲೆ ಇಂಗ್ಲಿಷಿನಲ್ಲಿ 'ವ್ಯಾಲಿ' ಎಂದು ಕೊನೆಯಾಗುವ ಒಂದು ಹೆಸರು ಬರೆಸಿದರು. ಅಲ್ಲಿ ಕಣಿವೆ ಎಲ್ಲಿದೆಯೋ ದೇವರೇ ಬಲ್ಲ.

ಮಾರಿದ ಎರಡು ವರ್ಷಕ್ಕೆ ಒಬ್ಬ ಕಾಲೇಜು ಮೇಷ್ಟ್ರು ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ನಮ್ಮ ಊರಿಗೆ ಬಂದರು. ಕೆರೆ ಏರಿಯ ಮೇಲೆ ಅರ್ಧ ಹೂತುಹೋಗಿದ್ದ ಅಕ್ಷರದ ಕಲ್ಲಿಗೆ ನೀರು ಹಾಕಿ ಉಜ್ಜಿ, ಸುಣ್ಣದ ಪುಡಿ ಸವರಿ ಓದಲು ನೋಡಿದರು. ಮೇಲಿನ ಭಾಗವೆಲ್ಲ ಸವೆದು ನುಣ್ಣಗಾಗಿತ್ತು. ಯಾವ ಕಾಲ, ಯಾರು ಹಾಕಿಸಿದ್ದು ಒಂದೂ ತಿಳಿಯಲಿಲ್ಲ. 'ಕೆರೆ' ಮತ್ತು 'ಕೊಡಗಿ' ಎಂಬ ಎರಡು ಮಾತು ಮಾತ್ರ ಉಳಿದಿದ್ದವು. ಆಗ ಅವರು ಹೇಳಿದರು: ಹಿಂದಿನ ಕಾಲದಲ್ಲಿ ಕೆರೆ ಕಟ್ಟಿದವರಿಗೆ, ಒಡೆದ ಏರಿ ದುರಸ್ತಿ ಮಾಡಿಸಿದವರಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಟ್ಟುಕೊಡುತ್ತಿದ್ದರು, ಅದಕ್ಕೆ ಕಟ್ಟುಕೊಡಗಿ, ಕೆರೆಕೊಡಗಿ ಎಂದು ಹೆಸರು. ಊರು ಕಾಯುವಾಗ ಸತ್ತವನ ಮನೆಯವರಿಗೆ ಬಿಟ್ಟರೆ ಅದು ನೆತ್ತರುಗೊಡಗಿ.

ನಮಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಎಷ್ಟೋ ತಲೆಮಾರಿನ ಹಿಂದೆ ಯಾರೋ ಬೆವರು ಸುರಿಸಿ ಈ ಕೆರೆ ಉಳಿಸಿದ್ದಕ್ಕೆ ಊರು ಕೊಟ್ಟ ಹೊಲ ಅದು. ಕಲ್ಲಿನ ಮೇಲಿದ್ದ ಲಿಪಿ ಸವೆದರೂ ಊರಿನ ಬಾಯಲ್ಲಿ ಆ ಮಾತು ನಮ್ಮ ತನಕ ಬಂದಿತ್ತು. ಅದನ್ನು ನಾವು ರಿಜಿಸ್ಟ್ರಾರ್ ಕಛೇರಿಯಲ್ಲಿ ಬರೀ ಸರ್ವೆ ನಂಬರಾಗಿ ಬರೆಸಿ ಕೊಟ್ಟು ಬಂದಿದ್ದೆವು.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬೇಕು. ಆ ಕಲ್ಲು ಸವೆದದ್ದು ಮಳೆಗಾಳಿಯಿಂದ ಮಾತ್ರ ಅಲ್ಲ. ರಾಗಿ ಕೊಯ್ಲಿಗೆ ಹೋಗುವಾಗ ಊರಿನವರೆಲ್ಲ ಅದರ ಮೇಲೆಯೇ ಕುಡುಗೋಲು ಮಸೆಯುತ್ತಿದ್ದರು. ನಾವೂ ಮಸೆದಿದ್ದೇವೆ. ಚರಿತ್ರೆ ಹಾಳಾಯಿತು ಅಂದಾಗಲೆಲ್ಲ ಇಂಗ್ಲಿಷರ ಕಡೆ ಬೆರಳು ತೋರಿಸುವುದು ಸುಲಭ. ಆದರೆ ಆ ಕಲ್ಲಿನ ಮೇಲೆ ಕುಡುಗೋಲು ಮಸೆದವರು ಇಂಗ್ಲಿಷರಲ್ಲ.

ದುರ್ಗ 'ಡ್ರೂಗ್' ಆದ ಕಾಲ

ಹಾಗಂತ ಇಂಗ್ಲಿಷರ ಪಾಲು ಏನೂ ಇಲ್ಲ ಅಂತಲ್ಲ. ನಮ್ಮ ಸೀಮೆಯ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶಕ್ಕೆ ನಮ್ಮ ಮಾಗಡಿಯೇ ಆಸರೆಯಾಯಿತು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದು ನೆಲೆಸಿ ಅಲ್ಲಿಂದಲೇ ಆಳಿದರು. ಅದಕ್ಕೇ ಇವತ್ತಿಗೂ ಜನ 'ಮಾಗಡಿ ಕೆಂಪೇಗೌಡರು' ಎನ್ನುವುದು. ಸಾವನದುರ್ಗ, ಹುತ್ರಿದುರ್ಗ, ಭೈರವದುರ್ಗ, ಹುಲಿಯೂರುದುರ್ಗ ಎಲ್ಲ ಬೆಂಗಳೂರಿನ ಸುತ್ತಿನ ನವದುರ್ಗಗಳ ಸಾಲಿಗೆ ಸೇರಿದವು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನವರು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದುಕೊಂಡ ಮೇಲೆ ಕೊನೆಯ ಕೆಂಪೇಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಮುಂದೆ ಹೈದರಾಲಿ, ಟಿಪ್ಪು ಸುಲ್ತಾನ್ ಕಾಲ ಬಂತು.

ಮೂರನೇ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಆಮೇಲೆ ಶ್ರೀರಂಗಪಟ್ಟಣದ ದಾರಿ ಸಲೀಸಾಗಬೇಕಾದರೆ ನಡುವಿನ ದುರ್ಗಗಳು ಬೀಳಬೇಕಿತ್ತು. ಅದೇ ವರ್ಷ ಡಿಸೆಂಬರ್ 21ರಂದು ಸಾವನದುರ್ಗ ಅವನ ಸೈನ್ಯದ ಕೈಸೇರಿತು. ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಬಿತ್ತು. ಸೈನ್ಯದ ಜೊತೆಗೆ ಚಿತ್ರಕಾರರೂ ಬಂದಿದ್ದರು. ರಾಬರ್ಟ್ ಹೋಮ್ ಎಂಬಾತ ಬರೆದ ನಮ್ಮ ಸೀಮೆಯ ಬೆಟ್ಟ ಕೋಟೆಗಳ ಚಿತ್ರಗಳ ಪುಸ್ತಕ 1794ರಲ್ಲಿ ಅಚ್ಚಾಯಿತು. ಆ ಕಾಲದ ಅವರ ಕಾಗದ ಪತ್ರಗಳಲ್ಲಿ ಸಾವನದುರ್ಗ 'ಸಾವನ್‌ಡ್ರೂಗ್' ಆಗಿದೆ, ಹುತ್ರಿದುರ್ಗ 'ಊತ್ರಾಡ್ರೂಗ್' ಆಗಿದೆ. ದುರ್ಗ ಎನ್ನಲು ನಾಲಿಗೆ ಹೊರಳಲಿಲ್ಲ ಅಂತ ಇಟ್ಟುಕೊಳ್ಳೋಣ. ಆದರೆ ನಾಲಿಗೆ ಹೊರಳದವನ ಬರಹವೇ ದಾಖಲೆಯಾಯಿತು. ನಾಲಿಗೆ ಹೊರಳುವ ನಮ್ಮ ಜನರ ಮಾತು ದಾಖಲೆಯಾಗಲಿಲ್ಲ. ಸಾವನ ಎಂದರೇನು ಎಂದು ನಮ್ಮವರಲ್ಲಿ ಕೇಳಿದ್ದರೆ, ಒಬ್ಬರು ಸಾವಂದಿ ವೀರಭದ್ರಸ್ವಾಮಿಯ ಹೆಸರು ಹೇಳುತ್ತಿದ್ದರು, ಇನ್ನೊಬ್ಬರು ಅಲ್ಲಿಗೆ ಹೋದವರು ಜ್ವರ ಬಂದು ಸಾಯುತ್ತಿದ್ದುದರಿಂದ ಸಾವಿನದುರ್ಗ ಎನ್ನುತ್ತಿದ್ದರು. ಎರಡೂ ನಮ್ಮ ಕಥೆಗಳೇ. ನಕ್ಷೆಯಲ್ಲಿ ಎರಡಕ್ಕೂ ಜಾಗ ಇರಲಿಲ್ಲ.

ಕ್ಲೋಸ್‌ಪೇಟೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಒಡೆಯರಿಗೆ ರಾಜ್ಯ ಮರಳಿತಾದರೂ ಮೇಲೆ ಕಂಪನಿಯ ರೆಸಿಡೆಂಟ್ ಕೂತ. ಮೊದಲನೆಯ ರೆಸಿಡೆಂಟ್ ಬ್ಯಾರಿ ಕ್ಲೋಸ್. 1800ರ ಸುಮಾರಿಗೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ರಾಮಗಿರಿ ಬೆಟ್ಟದ ಪಕ್ಕದ ಪೇಟೆಗೆ ಅವನ ಹೆಸರಿಟ್ಟು ಕ್ಲೋಸ್‌ಪೇಟೆ ಎಂದು ಕರೆದರು. ಅದೇ ನಮ್ಮ ಇಂದಿನ ರಾಮನಗರ. ಅದಕ್ಕೂ ಹಿಂದೆ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎಂಬ ಹೆಸರಿತ್ತು ಎನ್ನುತ್ತಾರೆ. ಆಳುವವರು ಬದಲಾದ ಹಾಗೆಲ್ಲ ಊರಿನ ಹೆಸರೂ ಬದಲಾಯಿತು. ಊರಿನವರನ್ನು ಮಾತ್ರ ಯಾರೂ ಕೇಳಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, ಆ ಭಾಗದವರೇ ಆದ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ, ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು. ನೂರೈವತ್ತು ವರ್ಷ ತಲೆಯ ಮೇಲಿದ್ದ ಹೆಸರು ಇಳಿಯಿತು. ಆದರೆ ಒಂದು ಕಡೆ ಮಾತ್ರ ಆ ಹೆಸರು ಕದಲಿಲ್ಲ. ಸಾವನದುರ್ಗ, ರಾಮದೇವರ ಬೆಟ್ಟ ಇವೆಲ್ಲ ಆಗಿರುವ ಕಲ್ಲಿನ ಜಾತಿಗೆ ಭೂಗರ್ಭ ಶಾಸ್ತ್ರದವರು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಹೇಳುವುದು. ಪ್ರಪಂಚದ ಯಾವ ಪುಸ್ತಕ ತೆಗೆದರೂ ಹಾಗೇ ಇದೆ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸಂತೆ. ಬ್ಯಾರಿ ಕ್ಲೋಸ್ ಮೈಸೂರಿನ ರೆಸಿಡೆಂಟ್ ಆಗಿ ಇದ್ದದ್ದು ಎರಡು ಮೂರು ವರ್ಷ. ಹೆಸರು ಎಂಬುದು ಒಮ್ಮೆ ಬರಹಕ್ಕೆ ಇಳಿದರೆ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಖಂಡುಗ ಹೋಗಿ ಎಕರೆ ಬಂದದ್ದು

1831ರಿಂದ 1881ರವರೆಗೆ ಐವತ್ತು ವರ್ಷ ಮೈಸೂರು ರಾಜ್ಯವನ್ನು ಇಂಗ್ಲಿಷ್ ಕಮಿಷನರ್‌ಗಳೇ ಆಳಿದರು. ಅದರ ದೊಡ್ಡ ಗುರುತು ನಮ್ಮ ಪಹಣಿಯಲ್ಲೇ ಇದೆ. ಹಿಂದೆ ನಮ್ಮವರು ಭೂಮಿಯನ್ನು ಬಿತ್ತನೆ ಬೀಜದಿಂದ ಅಳೆಯುತ್ತಿದ್ದರು. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ಹೊಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. 'ಖಂಡುಗದ ಗದ್ದೆ', 'ಹತ್ತು ಕೊಳಗದ ಹೊಲ' ಎಂಬ ಮಾತು ನಮ್ಮ ತಾತನ ಬಾಯಲ್ಲಿ ಇತ್ತು. ಮಣ್ಣು ಬೇರೆಯಾದರೆ ಅಳತೆಯೂ ಬೇರೆಯಾಗುತ್ತಿತ್ತು. ಅದರಲ್ಲಿ ಅನುಕೂಲವೂ ಇತ್ತು, ಜಗಳವೂ ಇತ್ತು.

1863ರಲ್ಲಿ ಮೈಸೂರಿನಲ್ಲಿ ಮುಂಬಯಿ ಕಡೆಯ ಪದ್ಧತಿಯಂತೆ ಸರ್ವೆ ಸೆಟ್ಲಮೆಂಟ್ ಶುರುವಾಯಿತು. ಸರಪಳಿ ಹಿಡಿದು ಅಳೆದರು, ಕಲ್ಲು ನೆಟ್ಟರು, ನಂಬರ್ ಹಾಕಿದರು. ಎಕರೆ ಇಂಗ್ಲಿಷರದು, ಗುಂಟೆ ಮರಾಠಿ ಕಡೆಯದು. ನಲವತ್ತು ಗುಂಟೆಗೆ ಒಂದು ಎಕರೆ. ಕೊಡಗಿ ಹೊಲ, ಹುಣಸೆತೋಪಿನ ಹೊಲ, ಮಾರಿಗುಡಿ ಮೂಲೆ, ಜಾಲಿಕುಂಟೆ ಎಲ್ಲವೂ ನಂಬರುಗಳಾದವು. ನ್ಯಾಯವಾಗಿ ಹೇಳಬೇಕೆಂದರೆ ಆ ಅಳತೆಯಿಂದ ಬಡ ರೈತನಿಗೂ ತನ್ನ ಹದ್ದುಬಸ್ತು ಎಷ್ಟು ಎಂದು ಗೊತ್ತಾಯಿತು. ಇವತ್ತು ಸಂಘದಲ್ಲಿ, ಬ್ಯಾಂಕಿನಲ್ಲಿ ಸಾಲ ಸಿಗುವುದು ಅದೇ ನಂಬರಿನ ಮೇಲೆ. ಆದರೆ ಹೆಸರು ಬಾಯಲ್ಲಿ ಮಾತ್ರ ಉಳಿಯಿತು. ಬಾಯಲ್ಲಿ ಉಳಿದದ್ದು ಬಾಯಿ ಇರುವವರೆಗೆ ಮಾತ್ರ.

ಅದೇ ಕಾಲದಲ್ಲಿ ಬಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು ಈಶ್ವರ ಸಂವತ್ಸರಗಳ ಬರ. ನಮ್ಮ ಅಜ್ಜಿ ಅನ್ನ ಚೆಲ್ಲಿದ ಮಕ್ಕಳಿಗೆ 'ಧಾತು ಬರ ಬರಬೇಕು ನಿಮಗೆ' ಎಂದು ಬಯ್ಯುತ್ತಿದ್ದಳು. ಅವಳು ಹುಟ್ಟುವ ಮೊದಲೇ ಆಗಿಹೋದ ಬರ ಅದು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ ಸುಮಾರು 50 ಲಕ್ಷ ಜನರಿದ್ದರೆ, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಬರದಲ್ಲೂ ಬದುಕಿ ಉಳಿದವರ ಮಕ್ಕಳು ಮೊಮ್ಮಕ್ಕಳು ನಾವು ಎಂಬುದನ್ನು ಮರೆಯಬಾರದು.

1905ನೇ ಇಸವಿ

ಬೈಯುವುದೊಂದೇ ಚರಿತ್ರೆಯಲ್ಲ. ಒಳ್ಳೆಯದನ್ನೂ ಹೇಳಬೇಕು. ಬಿ.ಎಲ್. ರೈಸ್ ಎಂಬ ಮಹನೀಯರು 1837ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು. ಊರೂರು ತಿರುಗಿಸಿ ಸಾವಿರಾರು ಶಾಸನಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಸಂಪುಟಗಳನ್ನು ಪ್ರಕಟಿಸಿದರು. ಅದರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, ನಮ್ಮ ಮಾಗಡಿಯ ಶಾಸನಗಳೂ ಅದರಲ್ಲಿವೆ. ಅಚ್ಚಾದದ್ದು 1905ರಲ್ಲಿ. ನಾವು ಕುಡುಗೋಲು ಮಸೆದ ಕಲ್ಲುಗಳಿಂದಲೇ ಅವರು ನಮ್ಮ ನಾಡಿನ ಚರಿತ್ರೆ ಎತ್ತಿ ಕೊಟ್ಟರು. ಅವರ ಜೊತೆ ಕೆಲಸ ಮಾಡಿದವರಲ್ಲಿ ನಮ್ಮ ಕನ್ನಡ ಪಂಡಿತರೂ ಇದ್ದರು ಎಂಬುದನ್ನು ನೆನೆಯಬೇಕು.

ಅದೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಸ್ಥಾಪಿಸಿದರು. ನಮ್ಮ ಮೈಸೂರು ರಾಜ್ಯದಲ್ಲಿಯೂ ಅದೇ ವರ್ಷ ಸಹಕಾರ ಸಂಘಗಳ ಕಾನೂನು ಬಂತು. ಹಾಗೆ ನೋಡಿದರೆ ಸಹಕಾರ ಕಾನೂನು ಕೂಡ 1904ರಲ್ಲಿ ಇಂಗ್ಲಿಷ್ ಸರ್ಕಾರ ತಂದದ್ದೇ. ಕಾನೂನು ಅವರದಾದರೂ ಅದರೊಳಗೆ ಜೀವ ತುಂಬಿದವರು ನಮ್ಮ ಹಳ್ಳಿಯವರು. ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ಕಳೆ ಕಿತ್ತು ಬರುತ್ತಿದ್ದ ಜನಕ್ಕೆ ಸಹಕಾರವನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

'ಸೀಮೆ' ಎಂಬ ಮಾತು

ಇಲ್ಲಿ ನಮ್ಮ ಕನ್ನಡದ ಒಂದು ಜಾಣತನ ಹೇಳಬೇಕು. ಹೊರಗಿನಿಂದ ಬಂದದ್ದಕ್ಕೆ ನಮ್ಮ ಹಿರಿಯರು 'ಸೀಮೆ' ಎಂದು ಸೇರಿಸಿದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಬೇಡ ಅಂತ ಓಡಿಸಲಿಲ್ಲ, ನಮ್ಮದೇ ಅಂತ ಸುಳ್ಳೂ ಹೇಳಲಿಲ್ಲ. ಒಂದು ಹೆಸರು ಕೊಟ್ಟು ಒಳಗೆ ಕರೆದು ಕೂರಿಸಿಕೊಂಡರು. ಹೆಸರು ಕೊಡುವ ಹಕ್ಕು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ನಮ್ಮ ಬೇರು ಕಾಪಾಡಿಕೊಳ್ಳುವುದು ಎಂದರೆ ಇದೇ ಎಂದು ನಮ್ಮ ಅಲ್ಪ ಬುದ್ಧಿಗೆ ತೋರುತ್ತದೆ.

ರಾಗಿಯನ್ನೇ ತೆಗೆದುಕೊಳ್ಳಿ. ನಮ್ಮ ಸೀಮೆಯ ಪ್ರಾಣವೇ ರಾಗಿ. ಆದರೆ ಅದರ ಮೂಲ ಆಫ್ರಿಕಾ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಸಾವಿರಾರು ವರ್ಷದ ಹಿಂದೆ ಬಂದು ನಮ್ಮ ಕೆಂಪು ಮಣ್ಣಿಗೆ ಒಗ್ಗಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಆ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಎಷ್ಟು ಮನೆಗಳ ಕಣ ತುಂಬಿಸಿದ ಪುಣ್ಯಾತ್ಮರು ಅವರು!

ಇಷ್ಟಾದರೂ ರಾಗಿ ತಿನ್ನುವುದು ಬಡವರ ಗುರುತು ಎಂಬ ನಾಚಿಕೆ ನಮ್ಮೊಳಗೆ ಹೊಕ್ಕಿತ್ತು. ನಾವು ಹೈಸ್ಕೂಲಿಗೆ ಹೋಗುವಾಗ ಮುದ್ದೆ ತಿಂದು ಬಂದೆವು ಅಂತ ಹೇಳಲು ಹಿಂಜರಿಯುತ್ತಿದ್ದೆವು. ನೆಂಟರು ಬಂದರೆ ಅಕ್ಕಿ ಅನ್ನ, ಮನೆಯವರಿಗೆ ಮುದ್ದೆ. ಈಗ ಕಾಲ ತಿರುಗಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4886 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಮುದ್ದೆ ಊಟಕ್ಕೆ ಜನ ಕಾಯುತ್ತಾರೆ. ಸಂತೋಷವೇ. ಆದರೆ ಹೊರಗಿನವರು ಒಳ್ಳೆಯದು ಎಂದ ಮೇಲೆಯೇ ನಮ್ಮ ಮುದ್ದೆ ನಮಗೆ ಒಳ್ಳೆಯದಾಗಬೇಕಾಗಿತ್ತೇ ಎಂದು ಒಂದು ಸಲ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ದನಗಳ ವಿಷಯವೂ ಅಷ್ಟೇ. ಮಾಗಡಿ ರಂಗನಾಥಸ್ವಾಮಿ ಜಾತ್ರೆಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನೋಡುವುದೇ ಕಣ್ಣಿಗೆ ಹಬ್ಬ. 2000ನೇ ಇಸವಿಯಲ್ಲಿ ಭಾರತದ ಅಂಚೆ ಇಲಾಖೆ ಹಳ್ಳಿಕಾರ್ ತಳಿಯ ಚಿತ್ರವಿರುವ ಅಂಚೆ ಚೀಟಿ ತಂದಿತು. ಆದರೆ ಡೈರಿಗೆ ಹಾಲು ಹಾಕುವುದಕ್ಕೆ ಸೀಮೆಹಸುವೇ ಬೇಕು. ನಮ್ಮ ಕೊಟ್ಟಿಗೆಯಲ್ಲೂ ಮೂರು ಎಚ್.ಎಫ್. ಹಸು, ಒಂದೇ ಒಂದು ನಾಟಿ ಹಸು ಇದೆ. ಮೂರು ಹಸು ಮಕ್ಕಳ ಫೀಸು ಕಟ್ಟುತ್ತವೆ. ಒಂದು ಹಸುವಿಗೆ ಗೃಹಪ್ರವೇಶ, ಹಬ್ಬ ಹುಣ್ಣಿಮೆಗೆ ಕರೆ ಬರುತ್ತದೆ. ಎರಡನ್ನೂ ಸಾಕುವುದೇ ಸಂಸಾರ.

ಹಾಲಿನ ಕಥೆ

ನಮ್ಮ ಸಂಘದ ಹಿಂದಿನ ಕಥೆಯಲ್ಲಿಯೂ ಒಂದು ಹೆಸರಿನ ಪಾಠವಿದೆ. ಗುಜರಾತಿನ ಖೇಡಾ ಜಿಲ್ಲೆಯ ಹಾಲನ್ನು ಮುಂಬಯಿಗೆ ಸಾಗಿಸುವ ಹಕ್ಕು ಇಂಗ್ಲಿಷರ ಕಾಲದಲ್ಲಿ ಪೋಲ್ಸನ್ ಎಂಬ ಒಂದೇ ಕಂಪನಿಯ ಕೈಯಲ್ಲಿತ್ತು. ಅದರ ಮಾಲೀಕರು ನಮ್ಮ ದೇಶದ ಪಾರಸಿಯವರೇ, ಪೆಸ್ತೊನ್‌ಜೀ ಎಂದು ಹೆಸರು. ಸ್ನೇಹಿತರು ಪಾಲಿ ಎಂದು ಕರೆಯುತ್ತಿದ್ದುದನ್ನೇ ಇಂಗ್ಲಿಷ್ ಹೆಸರಿನ ಹಾಗೆ ಕೇಳಿಸುವಂತೆ ಪೋಲ್ಸನ್ ಎಂದು ಮಾಡಿಕೊಂಡಿದ್ದರು. ಆಗ ಸೀಮೆಯ ಹೆಸರಿಗೇ ಬೆಲೆ! ರೈತರಿಗೆ ಮಾತ್ರ ಹಾಲಿನ ಬೆಲೆ ಸಿಗುತ್ತಿರಲಿಲ್ಲ. 1946ರಲ್ಲಿ ಸರ್ದಾರ್ ಪಟೇಲರ ಸಲಹೆಯಂತೆ ರೈತರು ಹಾಲು ಹಾಕುವುದನ್ನೇ ನಿಲ್ಲಿಸಿದರು. ಹದಿನೈದು ದಿನ ಹಾಲು ಚೆಲ್ಲಿದರೂ ಕಂಪನಿಗೆ ಕೊಡಲಿಲ್ಲ. ತ್ರಿಭುವನದಾಸ್ ಪಟೇಲರ ಮುಂದಾಳ್ತನದಲ್ಲಿ ಅದೇ ವರ್ಷ ಡಿಸೆಂಬರ್ 14ರಂದು ಅವರ ಸಹಕಾರ ಒಕ್ಕೂಟ ನೋಂದಣಿಯಾಯಿತು. ಅದೇ ಮುಂದೆ ಅಮುಲ್ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬರುವ ಎಂಟು ತಿಂಗಳ ಮೊದಲೇ ಹಾಲಿಗೆ ಸ್ವಾತಂತ್ರ್ಯ ಬಂದಿತ್ತು.

ನಮ್ಮ ರಾಜ್ಯದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಆರಂಭವಾಯಿತು. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಲವಾಯಿತು. ನಮ್ಮ ಹಾಲಿಗೆ ಇಟ್ಟ ಹೆಸರು ನಂದಿನಿ. ವಸಿಷ್ಠರ ಆಶ್ರಮದ ಹಸುವಿನ ಹೆಸರು. ಯಾರ ನಾಲಿಗೆಗೂ ಅದನ್ನು ತಿದ್ದಿ ಕೊಡಬೇಕಾಗಲಿಲ್ಲ.

ಮರಳಿ ಬಂದ ಹೆಸರುಗಳು

ನಮ್ಮ ಕಾಲದಲ್ಲಿ, ನಮಗಿಂತ ಸ್ವಲ್ಪ ಹಿಂದೆ, ಹೆಸರುಗಳು ಒಂದೊಂದಾಗಿ ಮನೆಗೆ ಬಂದಿವೆ. 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಹೋಗಿ ಇಂಗ್ಲಿಷ್ ಬರಹದಲ್ಲೂ ಬೆಂಗಳೂರು ಬಂತು. ಅದರ ಜೊತೆ ಒಟ್ಟು 12 ಊರುಗಳ ಹೆಸರು ಸರಿಹೋಯಿತು. 2013ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಾಯಿತು. 2022ರ ನವೆಂಬರ್ 11ರಂದು ಅಲ್ಲಿ 108 ಅಡಿಯ ಪ್ರತಿಮೆ ಅನಾವರಣವಾಯಿತು. ಅದಕ್ಕೆ ಮುನ್ನ ರಾಜ್ಯದ ಊರೂರುಗಳಿಂದ ಮಣ್ಣು ಸಂಗ್ರಹಿಸಿದ್ದರು.

ಆದರೆ ಆ ಪ್ರತಿಮೆಗಿಂತ ನಮ್ಮ ಮನಸ್ಸು ತಟ್ಟಿದ್ದು ಇನ್ನೊಂದು. 2015ರಲ್ಲಿ ಮಾಗಡಿ ಹತ್ತಿರದ ಕೆಂಪಾಪುರದಲ್ಲಿ ಹಳೆಯ ಗೋಪುರವೊಂದರ ಮೇಲಿನ ಬರಹವನ್ನು ಓದಿದಾಗ ಅದು ಕೆಂಪೇಗೌಡರ ಸಮಾಧಿ ಎಂದು ತಿಳಿದುಬಂತು. ಊರಿನ ಹೆಸರೇ ಕೆಂಪಾಪುರ! ಊರು ಅಷ್ಟು ವರ್ಷವೂ ತನ್ನ ಹೆಸರಿನಲ್ಲೇ ಗುಟ್ಟು ಇಟ್ಟುಕೊಂಡು ಕೂತಿತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಇನ್ನು ಜಿಲ್ಲೆಯ ಹೆಸರು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಜಿಲ್ಲೆ, 2025ರ ಮೇ ತಿಂಗಳಲ್ಲಿ ಅದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮಾಡಲು ಸಚಿವ ಸಂಪುಟದ ತೀರ್ಮಾನ. ಬೆಂಗಳೂರಿನ ಹೆಸರಿದ್ದರೆ ಬೆಳವಣಿಗೆಯಾಗುತ್ತದೆ ಎಂದು ಕೆಲವರು, ನಮ್ಮ ಊರಿನ ಗುರುತು ಹೋಗುತ್ತದೆ ಎಂದು ಕೆಲವರು. ಸಂಘದ ಸಂಚಿಕೆಯಲ್ಲಿ ರಾಜಕೀಯ ಬೇಡ. ಆದರೆ ಒಂದು ಮಾತು ಹೇಳದೆ ಇರಲಾಗದು. ಆಗ ರೆಸಿಡೆಂಟನ ಹೆಸರು ನಮ್ಮ ಪೇಟೆಯ ಮೇಲೆ ಬಂತು. ಈಗ ಜಮೀನಿನ ಬೆಲೆ ನಮ್ಮ ಹೊಲಗಳ ಮೇಲೆ ಹೆಸರು ಬರೆಯುತ್ತಿದೆ. ಎನ್‌ಕ್ಲೇವ್, ಕೌಂಟಿ, ವ್ಯಾಲಿ. ಈ ಹೆಸರುಗಳನ್ನು ಯಾವ ಕಮಿಷನರ್ ಸಾಹೇಬನೂ ಇಡಲಿಲ್ಲ. ಇಡುವವರೂ ನಮ್ಮವರೇ, ಕಾಗದಕ್ಕೆ ರುಜು ಹಾಕಿಕೊಟ್ಟವರೂ ನಾವೇ.

ಹಳೆಯದೆಲ್ಲ ಚಿನ್ನವಲ್ಲ

ಬೇರು ಹುಡುಕುವ ಹುಮ್ಮಸ್ಸಿನಲ್ಲಿ ಹಳೆಯದೆಲ್ಲ ಬೇಕು ಎಂದು ಹೊರಟರೆ ಅದೂ ತಪ್ಪು. ನಮ್ಮ ಊರುಗಳಲ್ಲಿ ಒಬ್ಬರ ಬಾವಿಗೆ ಇನ್ನೊಬ್ಬರು ಬಿಂದಿಗೆ ಇಳಿಸದ ಕಾಲವಿತ್ತು. ಕೆಲವು ಹೊಲಗಳಿಗೆ, ಕೇರಿಗಳಿಗೆ ಇದ್ದ ಹೆಸರು ಅಲ್ಲಿದ್ದವರಿಗೆ ನೋವು ಕೊಡುವಂಥವು. ಅಂಥವು ಹೋಗಿದ್ದೇ ಒಳ್ಳೆಯದು. ನಮ್ಮ ಸಂಘ ಶುರುವಾದ ದಿನ ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಮೊದಮೊದಲು ಮುಖ ತಿರುಗಿಸಿದವರೂ ಇದ್ದರು. ಫ್ಯಾಟು ನೋಡುವ ಯಂತ್ರಕ್ಕೆ ಜಾತಿ ಗೊತ್ತಾಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಸಂಘ ಕೊಟ್ಟ ಬಟವಾಡೆಯಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ನೂರು ವರ್ಷಕ್ಕೆ ನಮ್ಮ ಮಕ್ಕಳು ಬೇರು ಹುಡುಕಿದರೆ ಈ ಒಂದು ಕ್ಯಾನಿನ ಕಥೆಯೂ ಅವರಿಗೆ ಸಿಗುವಂತಿರಬೇಕು.

ನಾವು ಮಾಡಬೇಕಾದ್ದು

ಬರೀ ಮಾತಾಡಿ ಮುಗಿಸಿದರೆ ಪ್ರಯೋಜನವಿಲ್ಲ. ಆಡಳಿತ ಮಂಡಳಿಯ ಮುಂದೆ, ಸರ್ವ ಸದಸ್ಯರ ಮುಂದೆ ನಮ್ಮ ವಿನಂತಿ ಇಷ್ಟು.

ಒಂದನೆಯದು, ಸಂಘದ ಕಛೇರಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಡೋಣ. ಪ್ರತಿ ಸದಸ್ಯರ ಹೊಲದ ಸರ್ವೆ ನಂಬರಿನ ಮುಂದೆ ಆ ಹೊಲದ ಹಳೆಯ ಹೆಸರು, ಆ ಹೆಸರು ಬಂದ ಕಥೆ ಗೊತ್ತಿದ್ದರೆ ಅದು, ಹೇಳಿದ ಹಿರಿಯರ ಹೆಸರು ಬರೆಯೋಣ. ಮಾರಿದ ಹೊಲವಾದರೂ ಬರೆಯೋಣ. ಕೆರೆ, ಕುಂಟೆ, ಕಟ್ಟೆ, ತೋಪು, ಗುಂಡುತೋಪು, ಬಂಡೆ ಒಂದನ್ನೂ ಬಿಡಬಾರದು. ಬೆಳಿಗ್ಗೆ ಸಂಜೆ ಊರಿಗೆ ಊರೇ ಬಂದು ನಿಲ್ಲುವ ಜಾಗ ನಮ್ಮ ಡೈರಿ. ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಎರಡನೆಯದು, ಶಾಲೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸೋಣ. ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ ಬರೆದು ತರಲಿ. ಹೆಚ್ಚು ಹೆಸರು ತಂದ ಮಕ್ಕಳಿಗೆ ಸಂಘದ ವಾರ್ಷಿಕ ಸಭೆಯಲ್ಲಿ ಬಹುಮಾನ ಕೊಡೋಣ. ಆ ಖರ್ಚಿನಲ್ಲಿ ಒಂದು ಪಾಲು ನಮ್ಮದು.

ಮೂರನೆಯದು, ಕೆರೆ ಏರಿಯ ಕಲ್ಲನ್ನು ಎಲ್ಲಿಗೂ ಸಾಗಿಸುವುದು ಬೇಡ. ಇದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ ಸುತ್ತ ಒಂದು ಸಣ್ಣ ಕಟ್ಟೆ ಕಟ್ಟೋಣ. ಅದಕ್ಕೆ ಬಣ್ಣ ಬಳಿಯುವುದು, ಸಿಮೆಂಟ್ ಮೆತ್ತುವುದು ಮಾಡಬಾರದು. ಕುಡುಗೋಲು ಮಸೆಯಲು ಬೇರೆ ಒಂದು ಕಲ್ಲು ಪಕ್ಕದಲ್ಲೇ ಹಾಕಿಸಿದರಾಯಿತು.

ನಾಲ್ಕನೆಯದು, ಹೊಸ ಬಡಾವಣೆಗಳ ರಸ್ತೆಗಳಿಗಾದರೂ ಆ ಹೊಲಗಳ ಹಳೆಯ ಹೆಸರು ಇಡಬೇಕೆಂದು ಪಂಚಾಯ್ತಿಗೆ ಸಂಘದಿಂದ ಒಂದು ಅರ್ಜಿ ಕೊಡೋಣ. ಹೊರಗಿನಿಂದ ಬಂದು ಮನೆ ಕಟ್ಟುವವರು ನಮಗೆ ಶತ್ರುಗಳಲ್ಲ. ನಾಳೆ ಅವರೂ ನಮ್ಮ ಡೈರಿಯ ಹಾಲು ಕುಡಿಯುವವರೇ. ತಾವು ಯಾವ ನೆಲದ ಮೇಲೆ ಮನೆ ಕಟ್ಟಿದ್ದೇವೆ ಎಂದು ಅವರ ಮಕ್ಕಳಿಗೂ ತಿಳಿಯಲಿ.

ಕೊನೆಯದಾಗಿ ಒಂದು ಮಾತು. ನಮ್ಮ ಅವ್ವನಿಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜು, ನೆನಪೂ ಅಲ್ಲಲ್ಲಿ ಕೈಕೊಡುತ್ತದೆ. ಹೊಲ ಮಾರಿದ್ದು ಅವಳಿಗೆ ಗೊತ್ತು, ಒಮ್ಮೊಮ್ಮೆ ಮರೆತುಬಿಡುತ್ತಾಳೆ. ಮಳೆ ಹನಿ ಬಿದ್ದ ಕೂಡಲೇ 'ಕೊಡಗಿ ಹೊಲದ ಬದ ಒಡ್ದೋಗದೆ ನೋಡ್ಕಂಡ್ ಬಾರ್ಲಾ ಮಗ' ಅನ್ನುತ್ತಾಳೆ. ಮೊದಲು ನಾವು 'ಅದನ್ನ ಮಾರಾಯ್ತಲ್ಲವ್ವ' ಅನ್ನುತ್ತಿದ್ದೆವು. ಈಗ ಹಾಗೆ ಅನ್ನುವುದಿಲ್ಲ. ಕೊಡೆ ಹಿಡಿದು ಕೆರೆ ಏರಿವರೆಗೆ ಹೋಗಿ, ಆ ಕಲ್ಲು ನೋಡಿಕೊಂಡು ಬಂದು, 'ಬದ ಗಟ್ಟಿಯಾಗದೆ ಕಣವ್ವ' ಎಂದು ಹೇಳುತ್ತೇವೆ. ಅವಳ ತರುವಾಯ ಆ ಹೆಸರನ್ನು ಕೂಗುವವರು ಊರಿನಲ್ಲಿ ಇರುವುದಿಲ್ಲ. ಅಷ್ಟರೊಳಗೆ ನಮ್ಮ ಸಂಘದ ರಿಜಿಸ್ಟರಿನ ಮೊದಲ ಪುಟದ ಮೊದಲ ಸಾಲಿನಲ್ಲಿ ಅದನ್ನು ನಮ್ಮ ಕೈಯಾರೆ ಬರೆಯಬೇಕೆಂಬುದು ನಮ್ಮ ಆಸೆ. ಎರಡನೆಯ ಸಾಲು ನಿಮ್ಮದಾಗಲಿ.

ಈ ಲೇಖನದಲ್ಲಿ ತಪ್ಪುಒಪ್ಪುಗಳಿದ್ದರೆ ಹಿರಿಯರು ತಿದ್ದಿ ಹೇಳಬೇಕೆಂದು ಕೋರುತ್ತಾ, ಸಂಘ ಇನ್ನೂ ನೂರು ಕಾಲ ಬಾಳಲಿ ಎಂದು ಹಾರೈಸಿ ವಿರಮಿಸುತ್ತೇವೆ.

ಜೈ ಸಹಕಾರ.